ವರಾಂಡಕ್ಕೆ ಕೇಳಿಸದ ಪಾಠ

ಬಹಳ ಹಿಂದೆ, ದಿನಕ್ಕೊಂದು ರಾಜಾಜ್ಞೆ ಹೊರಡಿಸದಿದ್ದರೆ ಊಟವೇ ಸೇರದ ರಾಜನೊಬ್ಬನ ರಾಜ್ಯವಿತ್ತು. ಉದ್ಘೋಷ ಮಹಾರಾಜನೆಂದು ಅವನ ಹೆಸರು. ಒಂದು ಶುಭದಿನ ಅವನು ಅಪ್ಪಣೆ ಕೊಡಿಸಿದ: ವಿಶ್ವವಿದ್ಯಾನಿಲಯದ ವಿಶೇಷ ಶಿಕ್ಷಣ ವಿಭಾಗದಲ್ಲಿ ಅತ್ಯುತ್ತಮವಾಗಿ ಪಾಠ ಹೇಳುವ ಒಬ್ಬರಿಗೆ ರತ್ನಪದಕ, ಉಳಿದವರ ತರಗತಿಗಳಿಗೆ, ಆಡಳಿತ ಸುಧಾರಣೆಯ ದೃಷ್ಟಿಯಿಂದ, ಬೀಗ.

ಆ ವಿಭಾಗದ ಆಚಾರ್ಯೆ ಚಿತ್ರಾವತಿಗೆ ದಿಗಿಲಾಯಿತು. ಕಿವಿ ಕೇಳಿಸದ ಮಕ್ಕಳಿಗೆ ಸನ್ನೆ ಭಾಷೆಯಲ್ಲಿ ಕಲಿಸುವ ಮೇಷ್ಟರುಗಳನ್ನು ತಯಾರು ಮಾಡುವ ತರಗತಿ ಇಡೀ ರಾಜ್ಯದಲ್ಲಿ ಅವಳದೊಂದೇ. ಪದಕ ಅವಳಿಗೆ ಬೇಕಿರಲಿಲ್ಲ, ಬೀಗ ಬೀಳದಿದ್ದರೆ ಸಾಕಿತ್ತು.

ಪರಿಶೀಲನೆಗೆ ವಿದ್ಯಾಮಂತ್ರಿ ಸ್ತುತಿಶೇಖರ ದಯಮಾಡಿಸಿದ. ಪಾಠಕ್ಕೆ ಅಡ್ಡಿಯಾಗಬಾರದೆಂದು ಮಾರ್ಗಸೂಚಿಯಲ್ಲಿತ್ತು. ಆದ್ದರಿಂದ ಒಳಗೆ ಕಾಲಿಡದೆ, ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು, ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ಕೂತ. ಒಳಗೆ ಚಿತ್ರಾವತಿ ಕೈಗಳಲ್ಲೇ ಆನೆಯ ಕಥೆ ಹೇಳುತ್ತಿದ್ದಳು. ಮೂವತ್ತು ಮಂದಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮಂತ್ರಿ ‘ಬೋಧನೆ: ಸೊನ್ನೆ’ ಎಂದು ಬರೆದ. ಕಥೆಯ ಆನೆ ಜಾರಿ ಬಿದ್ದಾಗ ಎಲ್ಲರೂ ಗೊಳ್ಳೆಂದು ನಕ್ಕರು. ‘ಶಿಸ್ತು: ಅದೂ ಸೊನ್ನೆ’ ಎಂದು ಸೇರಿಸಿದ.

ಪಕ್ಕದ ಕೋಣೆಯಲ್ಲಿ ಗರ್ಜನಾಚಾರ್ಯರು ‘ಕಿವಿ ಕೇಳಿಸದ ಮಕ್ಕಳೆದುರು ಕೂಗಾಡಬಾರದು’ ಎಂಬ ನೋಟ್ಸನ್ನು ಗಂಟಲು ಹರಿಯುವಂತೆ ಬರೆಸುತ್ತಿದ್ದರು. ಅಂಥ ಒಂದು ಮಗುವನ್ನೂ ಅವರು ಕಂಡವರಲ್ಲ. ಮಂತ್ರಿ ತಲೆದೂಗಿದ.

ಚಿತ್ರಾವತಿ ಓಡಿ ಬಂದಳು. “ಸ್ವಾಮಿ, ಒಂದ್ಸಲ ಒಳಗೆ ಬಂದು ನೋಡಿ.”

“ನೋಡೋದಕ್ಕೆ ಇದೇನು ನಾಟಕಾನೇನಮ್ಮಾ? ಪಾಠ ಅಂದ್ಮೇಲೆ ಕಿವಿಗೆ ಬೀಳಬೇಕು.”

ಮರುದಿನ ಅವಳು ಬಳೆ ಮಾರುವ ಈರಮ್ಮನನ್ನು ಕರೆದುಕೊಂಡು ಆಸ್ಥಾನಕ್ಕೇ ಹೋದಳು.

“ನನ್ ಮಗಳಿಗೆ ಕಿವಿ ಕೇಳ್ಸಲ್ಲ ಬುದ್ಧಿ,” ಎಂದಳು ಈರಮ್ಮ. “ಏಳು ವರ್ಷ ಅವಳಿಗೇನು ಬೇಕು ಅಂತಾನೇ ನಂಗೆ ಗೊತ್ತಾಗ್ತಿರ್ಲಿಲ್ಲ. ಈ ಅಮ್ಮೋರ ಹತ್ರ ಕಲ್ತ ಮೇಷ್ಟ್ರು ನಮ್ಮ ಶಾಲೆಗೆ ಬಂದ್ರು. ಈಗ ನಂಜೊತೆ ಜಗಳಾನೇ ಆಡ್ತಾಳೆ!”

ಮಹಾರಾಜನ ಕಣ್ಣು ತುಂಬಿತು. ಮಂತ್ರಿ ಸನ್ನೆ ಮಾಡಿದೊಡನೆ ಆಸ್ಥಾನದ ಕಣ್ಣೂ ತುಂಬಿತು. ಚಿತ್ರಾವತಿಗೆ ಆಸೆ ಚಿಗುರಿತು.

“ಪ್ರಭೂ, ತಮ್ಮ ಆಳ್ವಿಕೆಯಲ್ಲಿ ಆ ಮಗು ಜಗಳವಾಡುವ ಮಟ್ಟಕ್ಕೆ ಪ್ರಗತಿ ಸಾಧಿಸಿದೆ,” ಎಂದ ಮಂತ್ರಿ. “ಅಂದರೆ ಸಮಸ್ಯೆ ಬಗೆಹರಿದಂತಾಯಿತು. ಇನ್ನು ಈ ತರಗತಿ ಏತಕ್ಕೆ?”

“ಹೌದಲ್ಲ!” ಎಂದ ಮಹಾರಾಜ.

ಗರ್ಜನಾಚಾರ್ಯರಿಗೆ ರತ್ನಪದಕ, ಪೇಟ, ಆನೆಯ ಮೇಲೆ ಮೆರವಣಿಗೆ. ಚಿತ್ರಾವತಿಯ ತರಗತಿಗೆ ಬೀಗ. ಅವಳ ಶಿಷ್ಯರನ್ನೆಲ್ಲ ಶಾಲೆಗಳಿಂದ ಬಿಡಿಸಿ, ಪದಕ ಪ್ರದಾನ ಕಚೇರಿಗೆ ನಿಯೋಜನೆಯ ಮೇಲೆ ಕಳಿಸಿದರು. ಅಲ್ಲಿ ಅವರು ಹಾರ ಕಟ್ಟಿದರು. ಚಿತ್ರಾವತಿಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು.

ಮೇಷ್ಟ್ರಿಲ್ಲದಂತಾದ ಶಾಲೆಗಳಿಗೆ ಒಂದೊಂದು ಧ್ವನಿವರ್ಧಕ ಮಂಜೂರಾಯಿತು. ಅದರಿಂದ ಗರ್ಜನಾಚಾರ್ಯರ ಪದಕವಿಜೇತ ಪಾಠ ಬೆಳಗಿನಿಂದ ಸಂಜೆಯವರೆಗೆ ಮೊಳಗಿತು. ಮಕ್ಕಳು ಅದರೆದುರು ಕೈಕಟ್ಟಿ ಕೂರಬೇಕೆಂದು ಆಜ್ಞೆಯಿತ್ತು. ಮೂರನೆಯ ದಿನ ಈರಮ್ಮನ ಮಗಳು ತಡೆಯಲಾರದೆ ಕೈ ಬಿಚ್ಚಿ, ಮೇಷ್ಟ್ರು ಯಾವಾಗ ಬರುತ್ತಾರೆಂದು ಸನ್ನೆಯಲ್ಲಿ ಕೇಳಿದಳು. ಕಾವಲುಗಾರ ಅವಳ ಹೆಸರನ್ನು ಗಲಾಟೆ ಮಾಡುವವರ ಪಟ್ಟಿಯಲ್ಲಿ ಬರೆದುಕೊಂಡ.