ಪ್ಯಾಕಿಂಗ್ ಕೋಣೆಯ ಫ್ಯಾನು

ಬೆಳಿಗ್ಗೆ ಒಂಬತ್ತಕ್ಕೆ ಕೊಡೆ ಕಾರ್ಖಾನೆಯ ಪ್ಯಾಕಿಂಗ್ ಕೋಣೆಗೆ ಕಾಲಿಟ್ಟ ಸಿಡುಕಣ್ಣ ತಲೆಯೆತ್ತಿ ನೋಡಿದ. ಫ್ಯಾನಿದ್ದ ಜಾಗದಲ್ಲಿ ಬರೀ ಕೊಕ್ಕೆ ಇತ್ತು.

ತಗಡಿನ ಸೂರಿನ ಆ ಕೋಣೆಯಲ್ಲಿ ಅವನು ಹನ್ನೊಂದು ವರ್ಷದಿಂದ ಕೊಡೆ ಮಡಿಸಿ ಡಬ್ಬಕ್ಕೆ ತುಂಬುತ್ತಿದ್ದ. ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಕೊನೆಗೂ ಫ್ಯಾನು ಬಂದು ಇನ್ನೂ ವಾರವಾಗಿರಲಿಲ್ಲ.

"ಮ್ಯಾನೇಜರ್ ಕ್ಯಾಬಿನ್ನಿಗೆ ಹೋಯ್ತು ಕಣಯ್ಯಾ," ಎಂದ ಗುಮಾಸ್ತ, ಸುದ್ದಿ ಹೇಳುವ ಖುಷಿಯಲ್ಲಿ. "ಅವರಿಗೆ ಒಂದು ಸಾಲಲ್ವಂತೆ."

ಸಿಡುಕಣ್ಣನ ಮೈಯೆಲ್ಲ ಉರಿದುಹೋಯಿತು. ಕ್ಯಾಬಿನ್ನಿಗೆ ನುಗ್ಗಿದ. ಎರಡು ಫ್ಯಾನುಗಳ ಕೆಳಗೆ ಮ್ಯಾನೇಜರರ ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲು ಎತ್ತ ವಾಲುವುದೆಂದು ತಿಳಿಯದೆ ಕುಣಿಯುತ್ತಿದ್ದವು.

"ಏನಯ್ಯಾ? ಬಾಗಿಲು ಹಾಕು, ಗಾಳಿ ಹೊರಗೆ ಹೋಗುತ್ತೆ."

"ನನ್ನ ಫ್ಯಾನು ವಾಪಸ್ ಕೊಡಿ ಸಾರ್!"

"ಅರ್ಜಿ ಬರಿ."

ಹನ್ನೊಂದು ವರ್ಷ ಬೆವರಿದವನಿಗೆ ಹೇಳುವ ಮಾತೇ ಇದು!

ಹನ್ನೊಂದು ಗಂಟೆಗೆ ಯಜಮಾನರು ಎಲ್ಲರನ್ನೂ ಸೇರಿಸಿದರು. ಮಗಳ ಕಂಪ್ಯೂಟರಿನಲ್ಲಿ ಕಂಪನಿ ನಡೆಸುವ ಆಟವೊಂದನ್ನು ಆಡಿ ಅವರಿಗೆ ಅದರ ಹುಚ್ಚು ಹಿಡಿದಿತ್ತು. "ಎಲ್ಲರೂ ಆಡಿ. ಯಾರ ಕಂಪನಿ ಹೆಚ್ಚು ಲಾಭ ಮಾಡುತ್ತೋ ಅವರೇ ಇವತ್ತಿಂದ ಮ್ಯಾನೇಜರ್. ಈಗಿನ ಮ್ಯಾನೇಜರ್ರು ಸೋತ್ರೆ, ಗೆದ್ದವರ ಕೆಲಸಕ್ಕೆ ಹೋಗ್ಲಿ."

ಸಿಡುಕಣ್ಣನ ಸರದಿ ಬಂದಾಗ ಎಲ್ಲರೂ ಅವನ ಬೆನ್ನಿಗೆ ಜೋತುಬಿದ್ದರು.

"ಜಾಹೀರಾತು ಕೊಡಯ್ಯಾ!" ಎಂದ ಗುಮಾಸ್ತ.

"ಅಯ್ಯೋ ಬೇಡ, ಹೊಸ ಮೆಷಿನ್ ತಗೊಳ್ಳಣ್ಣಾ," ಎಂದಳು ಬಿಲ್ ಬರೆಯುವಾಕೆ.

"ಬಾಯ್ ಮುಚ್ಕೊಳ್ರೀ ಎಲ್ಲ!"

ಅವನಿಗೆ ಲಾಭ ಬೇಕಿರಲಿಲ್ಲ, ಸೇಡು ಬೇಕಿತ್ತು. ಪರದೆಯ ಮೇಲೆ ಕೋಟು ತೊಟ್ಟ ಪುಟ್ಟ ಮ್ಯಾನೇಜರ್ ಕಂಡಿದ್ದೇ ತಡ, ಅವನನ್ನು ಕೆಲಸದಿಂದ ಕಿತ್ತೆಸೆದ. ಅವನ ಕ್ಯಾಬಿನ್ ಕೆಡವಿದ. ಅಲ್ಲಿದ್ದ ಫ್ಯಾನುಗಳನ್ನೆಲ್ಲ ಪ್ಯಾಕಿಂಗ್ ಕೋಣೆಗೆ ಹಾಕಿದ. "ಹಾಳಾಗಿ ಹೋಗು!" ಎಂದು ಗುಂಡಿಯನ್ನು ಇನ್ನೊಮ್ಮೆ ಕುಟ್ಟಿ, ಕೈಕಟ್ಟಿ ಕೂತುಬಿಟ್ಟ.

ಮ್ಯಾನೇಜರನ ಸಂಬಳ ಉಳಿದು, ಗಾಳಿ ಸಿಕ್ಕ ಪ್ಯಾಕಿಂಗಿನವರ ಕೆಲಸ ಚುರುಕಾಗಿ, ಊಟದ ಹೊತ್ತಿಗೆ ಅವನ ಕಂಪನಿಯೇ ಎಲ್ಲಕ್ಕಿಂತ ಮುಂದಿತ್ತು.

ಮೂರು ಗಂಟೆಗೆ ಸಿಡುಕಣ್ಣ ಕ್ಯಾಬಿನ್ನಿನ ಕುರ್ಚಿಯಲ್ಲಿ ಕಾಲು ಚಾಚಿದ. ಒಂದು ಫ್ಯಾನನ್ನು ಪ್ಯಾಕಿಂಗಿಗೆ ವಾಪಸ್ ಕಳಿಸಬೇಕು ಎಂದುಕೊಂಡ. ನಾಳೆ ಕಳಿಸಿದರಾಯಿತು, ಹಳೇ ಮ್ಯಾನೇಜರ್ ಒಂದು ದಿನವಾದರೂ ಬೇಯಲಿ.

ಐದೇ ನಿಮಿಷಕ್ಕೆ ಯಜಮಾನರು ಬಂದರು, ಹಿಂದೆ ಏಣಿ ಹೊತ್ತ ಇಬ್ಬರು.

"ನೀನು ಹೇಗೆ ಗೆದ್ದೆ ಅಂತ ಈಗ ಕೂತು ನೋಡ್ದೆ. ಎಂಥ ತಲೆ ಕಣಯ್ಯಾ ನಿಂದು! ಎಲ್ಲಾ ಅದೇ ಥರ ಮಾಡ್ತಿದೀನಿ. ಕ್ಯಾಬಿನ್ ಬೇಡ, ಫ್ಯಾನೆಲ್ಲ ಪ್ಯಾಕಿಂಗಿಗೆ, ಮ್ಯಾನೇಜರ್ ಮನೆಗೆ!"

"ಒಳ್ಳೇದಾಯ್ತು ಸಾರ್, ಆ ಮನುಷ್ಯ..." ಸಿಡುಕಣ್ಣ ಅರ್ಧಕ್ಕೇ ನಿಲ್ಲಿಸಿದ. "ಮ್ಯಾನೇಜರ್ ಅಂದ್ರೆ..."

"ಈಗ ನೀನೇ ಅಲ್ವೇನಪ್ಪಾ?"

"ಹಾಗಾದ್ರೆ ನಾನು ಪ್ಯಾಕಿಂಗಿಗೇ ವಾಪಸ್ ಹೋಗ್ತೀನಿ ಸಾರ್!"

"ಅಲ್ಲಿ ಜಾಗ ಎಲ್ಲಿದೆ? ಹಳೇ ಮ್ಯಾನೇಜರನ್ನ ಹಾಕಿದೀನಲ್ಲ."

ಸಂಜೆ ಐದಕ್ಕೆ, ತನ್ನ ಊಟದ ಡಬ್ಬಿ ತೆಗೆದುಕೊಂಡು ಹೋಗಲು ಬಂದ ಸಿಡುಕಣ್ಣ ಪ್ಯಾಕಿಂಗ್ ಕೋಣೆಯ ಬಾಗಿಲನ್ನು ದಡಾರನೆ ತಳ್ಳಿದ. ಹನ್ನೊಂದು ವರ್ಷ ಅವನು ಕೂತ ಸ್ಟೂಲಿನ ಮೇಲೆ ಹಳೇ ಮ್ಯಾನೇಜರ್ ಕೊಡೆ ಮಡಿಸುತ್ತಿದ್ದರು. ಮೇಲೆ ಎರಡೂ ಫ್ಯಾನುಗಳು ತಿರುಗುತ್ತಿದ್ದವು. ನಾಲ್ಕು ಕೂದಲು ಕುಣಿಯುತ್ತಿದ್ದವು.

"ಏನಯ್ಯಾ?" ಎಂದರು ಅವರು, ತಲೆ ಎತ್ತದೆ. "ಬಾಗಿಲು ಹಾಕ್ಕೊಂಡ್ ಹೋಗು, ಗಾಳಿ ಹೊರಗೆ ಹೋಗುತ್ತೆ."