ಮೌಶಿ ತಂದ ಪ್ರತಿಕಾಯ

ನಮ್ಮ ಮೌಶಿಗೆ ಮನುಷ್ಯರ ಮೇಲೆ ಪ್ರೀತಿ ಇಲ್ಲವೆಂದಲ್ಲ. ಕರಾರು ಒಂದೇ, ಅವರು ಸೂಕ್ಷ್ಮದರ್ಶಕದ ಕೆಳಗೆ ಹಿಡಿಸಬೇಕು!

ಅವ್ವನ ಈ ತಂಗಿ ಹುಬ್ಬಳ್ಳಿಯ ಒಂದು ಪ್ರಯೋಗಾಲಯದಲ್ಲಿ ಸಂಶೋಧಕಿ. ಹೋದ ಬೇಸಿಗೆಯ ಒಂದು ಶನಿವಾರ, ತೊಡೆಯ ಮೇಲೆ ಥರ್ಮಾಕೋಲ್ ಡಬ್ಬಿ ಇಟ್ಟುಕೊಂಡು ನವಲಗುಂದದ ನಮ್ಮ ಮನೆಗೆ ಬಸ್ಸಿನಲ್ಲಿ ಬಂದಿಳಿದಳು. ಲ್ಯಾಬಿನ ಫ್ರಿಜ್ ಕೆಟ್ಟಿತ್ತಂತೆ, ಸೋಮವಾರದತನಕ ರಿಪೇರಿ ಇಲ್ಲವಂತೆ, ಅವಳ ಮನೆಯಲ್ಲಂತೂ ಫ್ರಿಜ್ಜೇ ಇಲ್ಲ. ಆರಾಮ ಇದ್ದೀರೇನು ಅಂತ ಕೇಳಿದಳೇ? ಎಲ್ಲಿಂದ! ನಮ್ಮ ಫ್ರಿಜ್ಜಿನ ಬೆಣ್ಣೆ, ಮೊಸರು, ಹಾಲು ಎಲ್ಲ ಹೊರಗೆ ಹಾಕಿ, ಕಿರುಬೆರಳಿನಷ್ಟು ಒಂದು ಸೀಸೆ ಒಳಗಿಟ್ಟಳು. ಅದರೊಳಗೆ ನಾಲ್ಕು ಹನಿ ನೀರು!

"ಏನಬೇ ಇದು?" ಅಂದಳು ಅವ್ವ.

"ಪ್ರತಿಕಾಯ. ರೋಗದ ಜೋಡಿ ಕಾದಾಡೋ ಜೀವಕೋಶ ಒಂದಕ್ಕೊಂದು ಸುದ್ದಿ ಮುಟ್ಟಸ್ತಾವು. ಆ ಸುದ್ದಿ ಒಯ್ಯೋ ಒಂದು ಪ್ರೋಟೀನ್ ಐತಿ. ಇದು ಬರೇ ಅದಕ್ಕ ಹೋಗಿ ಅಂಟಿಕೊಳ್ತೈತಿ."

"ಅಂಟಿಕೊಂಡ್ರ ರೋಗ ವಾಸಿ ಆಗತೈತೇನು?"

"ಇಲ್ಲ. ಪ್ರೋಟೀನ್ ಎಲ್ಲೈತಿ ಅಂತ ನಮಗ ಕಾಣತೈತಿ."

"ಅಷ್ಟಕ್ಕ ನನ್ನ ಬೆಣ್ಣಿ ಹೊರಗೇನು?"

ಆಮೇಲೆ ಫ್ರಿಜ್ಜಿನ ಬಾಗಿಲು ತೆಗೆಯಲು ಯಾರಿಗೂ ಅಪ್ಪಣೆ ಇಲ್ಲ. ಬೆಣ್ಣೆ ಕರಗಿತು, ಮೊಸರು ಹುಳಿಯಾಯಿತು, ಅವ್ವ ಮೊಸರಿಗಿಂತ ಹುಳಿಯಾದಳು. ಸಾಲದ್ದಕ್ಕೆ ಭಾನುವಾರ ಮಧ್ಯಾಹ್ನ ಕರೆಂಟೂ ಹೋಯಿತು! ಎರಡು ತಾಸಾದರೂ ಬರಲಿಲ್ಲ. ಆ ರಣಬಿಸಿಲಲ್ಲಿ ಬರ್ಫ ಹುಡುಕುತ್ತ ಪೇಟೆಯೆಲ್ಲ ಸುತ್ತಿದವಳು ಯಾರು? ನಾನೇ! ಸೋಡಾ ಅಂಗಡಿಯಿಂದ ಮಂಜುಗಡ್ಡೆಯ ಒಂದು ತುಂಡು ತಂದುಕೊಟ್ಟರೆ ಮೌಶಿ ಹೌಹಾರಿದಳು.

"ಸೀಸಾಕ್ಕ ತಾಗಸಬ್ಯಾಡಬೇ! ಹೆಪ್ಪುಗಟ್ಟಿದ್ರ ಕೆಡತೈತಿ. ಬೆಚ್ಚಗಾದ್ರೂ ಕೆಡತೈತಿ."

"ಥೇಟ್ ನಿನ್ನಂಗ ಐತಿ ನೋಡು," ಅಂದಳು ಅವ್ವ.

ಸೀಸೆಗೆ ಟವೆಲ್ ಸುತ್ತಿ ಡಬ್ಬಿಯಲ್ಲಿಟ್ಟು, ಸುತ್ತ ಬರ್ಫ ತುಂಬಿ, ಕರೆಂಟ್ ಬರುವತನಕ ಮೌಶಿ ಅದರ ಮುಂದೆ ಕೂತಳು. ಬೆವರು ಸುರಿಸಿ ಬಂದ ನನಗೆ ಒಂದು ಚೂರು ಬರ್ಫವೂ ಸಿಗಲಿಲ್ಲ!

ಸೋಮವಾರ ಮುಂಜಾನೆ ಅವಳನ್ನು ಬಿಡಲು ಬಸ್‌ಸ್ಟ್ಯಾಂಡಿಗೆ ಹೋದೆ. ಅಂತೂ ಪೀಡೆ ತೊಲಗಿತು ಅಂದುಕೊಳ್ಳುವಷ್ಟರಲ್ಲಿ, ಡಬ್ಬಿಯನ್ನು ಕಲ್ಲುಬೆಂಚಿನ ಮೇಲಿಟ್ಟು ನನ್ನ ಕೈ ಹಿಡಿದಳು.

"ಬೆರಳು ಯಾವಾಗಿಂದ ಹಿಂಗ ಬಾತಾವು?"

ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. "ಶಾಲ್ಯಾಗ ಬೋರ್ಡ್ ಮ್ಯಾಲೆ ಬರದು ಬರದು…" ಅಂದೆ.

"ಚಾದ ಕಪ್ಪು ಎರಡೂ ಅಂಗೈಯಾಗ ಹಿಡಿತೀ. ಬಂದಾಗಿಂದ ನೋಡಾಕತ್ತೇನಿ. ಬುಧವಾರ ಹುಬ್ಬಳ್ಳಿಗೆ ಬಾ. ಡಾಕ್ಟರಿಗೆ ತೋರಸೂಣು."

ಸಂಧಿವಾತ ಶುರುವಾಗಿತ್ತು. ಬೇಗ ಗೊತ್ತಾಯಿತು, ಗುಳಿಗೆ ನುಂಗುತ್ತ ಈಗ ಆರಾಮಾಗಿದ್ದೇನೆ. ಆ ಬುಧವಾರ ದವಾಖಾನೆಗೆ ಮೌಶಿ ನನಗಿಂತ ಮೊದಲೇ ಬಂದು ಕೂತಿದ್ದಳು. ನರ್ಸಮ್ಮ ರಕ್ತ ತೆಗೆಯಲು ನನ್ನ ತೋಳಿಗೆ ಸೂಜಿ ಚುಚ್ಚಿದಾಗ, ಜೀವಮಾನವಿಡೀ ಊರವರ ರಕ್ತ ನೋಡಿದ ಆ ಹೆಂಗಸು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ನನ್ನ ಇನ್ನೊಂದು ಕೈ ಮಾತ್ರ ಬಿಡಲಿಲ್ಲ.