ಅತ್ತೆಯ ಚಿತ್ರ ಒಣಗುವ ಮೊದಲೇ

ಚಿತ್ರಕಾರನ ಮನೆಯ ಗೋಡೆಗಳು ಖಾಲಿ ಇರುತ್ತವೆ ಎಂದರೆ ಯಾರೂ ನಂಬುವುದಿಲ್ಲ. ಬೆಟಗೇರಿಯ ನಮ್ಮ ಮನೆಗೆ ಬಂದವರು ಮೊದಲು ಪಡಸಾಲೆಯ ಗೋಡೆ ನೋಡುತ್ತಿದ್ದರು, ಆಮೇಲೆ ನನ್ನ ಮುಖ ನೋಡುತ್ತಿದ್ದರು. ಗೋಡೆಯ ಮೇಲೆ ಒಂದು ಕ್ಯಾಲೆಂಡರು, ಒಂದು ಗಡಿಯಾರ, ಅಷ್ಟೇ. ಮಾವನವರ ಫೋಟೋ ಕೂಡ ದೇವರ ಕೋಣೆಯಲ್ಲಿ. ನಮ್ಮವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದು ನಿವೃತ್ತರಾದವರು. ಕೈಯಲ್ಲಿ ಕಲೆ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರು ಬರೆಯುವುದು ತೀರಿಕೊಂಡವರ ಚಿತ್ರ. ಮುಂಡರಗಿ, ಶಿರಹಟ್ಟಿ, ಹುಲಕೋಟಿ ಕಡೆಯಿಂದ ಜನ ಮುದುರಿದ ಸಣ್ಣ ಫೋಟೋ ಹಿಡಿದು ಬರುತ್ತಾರೆ, ಹಾರ ಹಾಕುವಷ್ಟು ದೊಡ್ಡದಾಗಿ ಬಣ್ಣದಲ್ಲಿ ಬರೆಸಿಕೊಂಡು ಹೋಗುತ್ತಾರೆ. ಬಣ್ಣ ಒಣಗುವವರೆಗೆ ಚಿತ್ರದೊಳಗಿನ ಆ ಹಿರಿಯರು ನಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಾನು ರೊಟ್ಟಿ ಬಡಿಯುವುದನ್ನು ನೋಡುತ್ತಿರುತ್ತಾರೆ. ಗುರುತು ಪರಿಚಯವಿಲ್ಲದ ಎಷ್ಟೋ ಮನೆತನದ ಹಿರಿಯರೆದುರು ನಾನು ತಲೆಯ ಮೇಲೆ ಸೆರಗು ಹೊದ್ದುಕೊಂಡು ರೊಟ್ಟಿ ಬಡಿದಿದ್ದೇನೆ.

ಬರೆಸುವವರ ಬೇಡಿಕೆಗಳೂ ಒಂದೆರಡಲ್ಲ. “ನಮ್ಮಪ್ಪಗ ಒಂದ್ ರುಮಾಲ ಸುತ್ತರಿ ಮಾಸ್ತರ, ಜೀವ ಇದ್ದಾಗ ಸುತ್ತಲಿಲ್ಲ” ಎನ್ನುವವರು ಒಬ್ಬರಾದರೆ, ಕೊರ್ಲಹಳ್ಳಿಯಿಂದ ಬಂದ ಒಬ್ಬರು, “ಸಿಟ್ಟ್ ಸ್ವಲ್ಪ ಕಡಿಮಿ ಮಾಡ್ರಿ, ಮೊಮ್ಮಕ್ಕಳು ಅಂಜತಾವ” ಎಂದು ಕೈ ಮುಗಿದಿದ್ದರು. ನಮ್ಮವರು ಎಲ್ಲದಕ್ಕೂ ಹೂಂ ಎನ್ನುತ್ತಿದ್ದರು. ಚಿತ್ರದಲ್ಲಿದ್ದವರು ಮಾತ್ರ ಯಾವತ್ತೂ ತಕರಾರು ಮಾಡಿದ್ದಿಲ್ಲ.

ಆದರೆ ಈಚೆಗೆ ಅವರು ಬರೆದ ಚಿತ್ರಗಳೆಲ್ಲ ಒಬ್ಬರವೇ, ಅವರ ತಾಯಿಯವು. ಅತ್ತೆಗೆ ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದಾಗ ಡಾಕ್ಟರು ನಮ್ಮವರನ್ನು ಹೊರಗೆ ಕರೆದು ಮಾತಾಡಿದರು. ಹೊರಗೆ ಕರೆದರೆಂದರೆ ಏನೆಂದು ಅತ್ತೆಗೆ ತಿಳಿಯದೆ ಇದ್ದೀತೆ? ಮನೆಗೆ ಬಂದು ಚಹಾ ಕುಡಿದು, ಬಸಿ ಕೆಳಗಿಟ್ಟು ಹೇಳಿದರು: “ನಂದೂ ಒಂದ್ ಚಿತ್ರ ಬರದ ಇಡಪಾ. ನೋಡೇ ಹೋಗ್ತೀನಿ. ಆಮ್ಯಾಲ ನೀ ಆ ಆಧಾರ ಕಾರ್ಡಿನ ಫೋಟೋ ನೋಡಿ ಬರದಿ ಅಂದ್ರ, ಹಾರ ಹಾಕಾಕ ಬಂದಾವ್ರು ಪೊಲೀಸ್ರಿಗೆ ಫೋನ್ ಹಚ್ಚತಾರ.”

ಮೊದಲು ಪೆನ್ಸಿಲಿನಲ್ಲಿ ಬರೆದರು. “ಇಷ್ಟ ಮಸಕ ಬರದಿಯಲ್ಲೋ, ನಾ ಇನ್ನೂ ಅದೀನಿ” ಎಂದರು ಅತ್ತೆ. ಇದ್ದಿಲಿನಲ್ಲಿ ಬರೆದದ್ದಕ್ಕೆ, “ಒಲಿಯಾಗಿಂದ ಎಬ್ಬಿಸಿದಂಗ ಆಗೇತಿ.” ಜಲವರ್ಣಕ್ಕೆ, “ಮಳ್ಯಾಗ ತೋಯ್ಸ್ಕೊಂಡ ಬಂದಾಕಿ ಕಂಡಂಗ ಕಾಣ್ತೀನಿ. ಬಾಜೂಕ ಒಂದ್ ಟಾವೆಲ್ಲೂ ಬರಿ.” ನಮ್ಮವರು ರಾತ್ರಿ ಊಟಕ್ಕೆ ಕೂತು ನನ್ನ ಹತ್ತಿರ ಹಲುಬಿದರು: “ಇಷ್ಟ ವರ್ಷ ಯಾರೂ ತಿರುಗಿ ಮಾತಾಡಿದ್ದಿಲ್ಲ ನೋಡು.” ನಾನು ನಕ್ಕೆ. ಆದರೆ ಕಷ್ಟ ಅದಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಒಂದು ಚಿತ್ರ ಮುಗಿಯುವಷ್ಟರಲ್ಲಿ ಅತ್ತೆಯ ಕೆನ್ನೆ ಬೇರೆಯೇ ಆಗಿರುತ್ತಿತ್ತು. ಒಳಗೆ ನಾನು ಅತ್ತೆಯ ಸಡಿಲಾದ ಕುಪ್ಪಸಕ್ಕೆ ಹೊಲಿಗೆ ಹಿಡಿಯುತ್ತಿದ್ದೆ, ಹೊರಗೆ ನಮ್ಮವರು ಗೆರೆ ಅಳಿಸುತ್ತಿದ್ದರು.

ಕೊನೆಗೆ ಎಣ್ಣೆಬಣ್ಣದಲ್ಲಿ ದೊಡ್ಡದೊಂದು ಬರೆದರು. ಥೇಟು ಅತ್ತೆಯೇ. ಅತ್ತೆ ಬಹಳ ಹೊತ್ತು ನೋಡಿ, “ಇಕಿ ಯಾರ? ಇಷ್ಟ ಸುಮ್ನ ಕುಂತಾಳ” ಎಂದರು. ಕಟ್ಟು ಹಾಕಿಸಿದರೆ ಒಪ್ಪಿಯಾರು ಎಂಬ ಆಸೆಯಿಂದ ನಮ್ಮವರು, ಬಣ್ಣ ಪೂರ್ತಿ ಒಣಗುವ ಮೊದಲೇ, ಅದನ್ನು ಗದಗಿನ ಪೇಟೆಯಲ್ಲಿ ಫ್ರೇಮು ಕಟ್ಟುವ ಮಾಬುಸಾಬರ ಅಂಗಡಿಗೆ ಕೊಟ್ಟುಬಂದರು.

ಮಾಬುಸಾಬರದು ತಪ್ಪೆಂದು ನಾನು ಹೇಳಲಾರೆ. ನಮ್ಮ ಮನೆಯಿಂದ ಅವರ ಅಂಗಡಿಗೆ ಹೋದ ಚಿತ್ರದಲ್ಲಿ ಜೀವ ಇದ್ದವರು ಇದುವರೆಗೆ ಯಾರೂ ಇರಲಿಲ್ಲ. ಅವರು ಒಂದು ಮಾತೂ ಕೇಳಲಿಲ್ಲ. ಕಟ್ಟು ಹಾಕಿ, ನಮ್ಮವರ ಮೇಲಿನ ಗೌರವಕ್ಕೆ ತಮ್ಮ ಕೈಯಿಂದಲೇ ಒಂದು ಮೊಳ ಹೂ ಏರಿಸಿ, ಚಿತ್ರವನ್ನು ರಸ್ತೆಗೆ ಮುಖ ಮಾಡಿ ಇಟ್ಟರು. ಅದೇ ದಿನ ಅತ್ತೆಯ ತಮ್ಮ, ಲಕ್ಷ್ಮೇಶ್ವರದಲ್ಲಿ ಕಾಳಿನ ವ್ಯಾಪಾರ ಮಾಡುವ ವೀರಭದ್ರಪ್ಪ, ಗದಗಿನ ಪೇಟೆಗೆ ಬಂದಿದ್ದರು.

ಈ ವೀರಭದ್ರಪ್ಪ ನಮ್ಮ ಮದುವೆಯ ದಿನ ಸಿಟ್ಟಿನಿಂದ ಹೋದವರು ಮತ್ತೆ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಅಂದು ಅವರಿಗೆ ಉಡುಗೊರೆಯೆಂದು ಆಯೇರಿ ಮಾಡಿದ ಧೋತರ ಉದ್ದ ಸಾಲದೆ ಮೊಣಕಾಲಿಗೇ ಮುಗಿದಿತ್ತಂತೆ. ಅಕ್ಕ ತಮ್ಮ ಮಾತು ಬಿಟ್ಟದ್ದು ನನ್ನ ಮದುವೆಯ ನೆಪದಿಂದ ಎಂದು ನನಗೊಂದು ಅಳುಕು ಯಾವಾಗಲೂ ಇತ್ತು.

ಮರುದಿನ ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಹೊರಗೆ ಜೀಪು ನಿಂತ ಸಪ್ಪಳ, ಅದರ ಹಿಂದೆಯೇ ಅಳು. ಅತ್ತೆ ಕಾಯಿ ಸುಲಿಯುವುದನ್ನು ನಿಲ್ಲಿಸದೆ, “ಪಾಪ, ಯಾರ ಹೋದ್ರು ನೋಡವಾ” ಎಂದರು. ನಾನು ಎದ್ದು ಬಾಗಿಲಿಗೆ ಹೋಗುವಷ್ಟರಲ್ಲಿ, “ಅಕ್ಕಾ, ಮಾತಾಡದ ಹೋದ್ಯಲ್ಲವಾ” ಎನ್ನುತ್ತ ವೀರಭದ್ರಪ್ಪ ಒಳಗೇ ಬಂದರು. ಬಂದವರು ಅಕ್ಕನನ್ನು ನೋಡಿದರು. ಅವರೆಕಾಯಿ ನೋಡಿದರು. ಗೋಡೆ ಹಿಡಿದು ಹಾಗೇ ಕೆಳಗೆ ಕುಸಿದರು.

ಅತ್ತೆಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. “ನೀರ ಕೊಡವಾ ಅವಂಗ” ಎಂದು ನನಗೆ ಹೇಳಿ, ತಮ್ಮನ ಕಡೆ ತಿರುಗಿದರು. “ಕೈಚೀಲದಾಗ ಏನ್ ತಂದಿ?”

ವೀರಭದ್ರಪ್ಪ ಚೀಲವನ್ನು ಬೆನ್ನ ಹಿಂದೆ ಸರಿಸಿದರು. ಅದರಲ್ಲಿ ಏನಿದೆಯೆಂದು ನಮಗೆಲ್ಲ ಗೊತ್ತು. ಹೆಣ್ಣುಮಗಳು ತೀರಿಕೊಂಡರೆ ಮೈಮೇಲೆ ಹೊದಿಸುವ ಕಡೆಯ ಸೀರೆ ತವರಿನಿಂದಲೇ ಬರಬೇಕು. “ಏನಿಲ್ಲಕ್ಕಾ. ಅಂಗಡ್ಯಾಗ ಹೂ ಏರಿಸಿದ್ದ ನೋಡಿದೆ. ನಾ ತಿಳಕೊಂಡೆ…”

“ತೋರ್ಸು.”

ನೀಲಿ ಚೌಕಳಿಯ ಇಳಕಲ್ ಸೀರೆ. ಅತ್ತೆ ಅಂಚನ್ನು ಬೆರಳಿನಲ್ಲಿ ತಿಕ್ಕಿ ನೋಡಿ, “ಅಳತಿ ಬರೋಬರಿ ಐತೇನ? ಧೋತರದ ಸೇಡ ಇದರಾಗ ತೀರಿಸಿಲ್ಲಲ್ಲ?” ಎಂದರು. ವೀರಭದ್ರಪ್ಪ ನಗಲು ಹೋಗಿ, ಮೊದಲಿಗಿಂತ ಜೋರಾಗಿ ಅತ್ತರು.

“ಉಡಸವಾ ಇದನ್ನ. ಆಮ್ಯಾಲ ಉಡಿಸಿದ್ರ ನನಗೇನ ಕಾಣತೈತಿ?”

“ಅತ್ತಿ, ಅದನ್ನ ಈಗ ಉಡಬಾರದ್ರಿ” ಎಂದೆ.

“ಬಾರದ್ದ ಆಗ್ಲೇ ಬಂದು ಹೊಟ್ಟ್ಯಾಗ ಕುಂತೈತಿ. ಸೀರಿ ಏನ್ ಮಾಡತೈತಿ?”

ನಾನು ಉಡಿಸಿದೆ. ಅತ್ತೆ ಬಂದು ತಮ್ಮನ ಎದುರು ಕೂತು, ಇಷ್ಟು ವರ್ಷದ್ದನ್ನೆಲ್ಲ ಸೇರಿಸಿ ಬೈಯತೊಡಗಿದರು. ನಮ್ಮವರಿಗೆ ಬಣ್ಣ ಕಲಸುವಷ್ಟೂ ತಾಳ್ಮೆ ಉಳಿಯಲಿಲ್ಲ. ಗೋಡೆಯ ಕ್ಯಾಲೆಂಡರು ಎಳೆದು, ಹಾಳೆ ತಿರುವಿ, ಶಾಲೆಯ ಕಾಲದ ಬಣ್ಣದ ಚಾಕ್‌ಪೀಸುಗಳಲ್ಲಿ ಬರೆಯಲು ಕೂತರು. ಆ ದಿನ ಒಮ್ಮೆಯೂ “ಅವ್ವಾ, ಅಲುಗಾಡಬ್ಯಾಡ” ಎನ್ನಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅತ್ತೆ ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಚಿತ್ರದಲ್ಲಿ ಬಾಯಿ ಅರ್ಧ ತೆರೆದಿತ್ತು, ಬೈಗುಳ ಇನ್ನೂ ಮುಗಿದಿರಲಿಲ್ಲ. “ಹೂಂ,” ಎಂದರು. “ಇಕಿ ನಾನು.”

ಆಮೇಲೆ ಅವರು ಬಹಳ ದಿನ ಇರಲಿಲ್ಲ. ಇದ್ದಷ್ಟು ದಿನ ಆ ಸೀರೆಯನ್ನೇ ಒಗೆಸಿ ಒಗೆಸಿ ಉಟ್ಟರು. ವೀರಭದ್ರಪ್ಪ ಮತ್ತೊಮ್ಮೆ ಜೀಪಿನಲ್ಲಿ ಬಂದರು, ಮತ್ತೊಂದು ಸೀರೆ ತಂದರು. ಈ ಸಲ ಅಳತೆ ಯಾರೂ ಕೇಳಲಿಲ್ಲ.

ಈಗ ನಮ್ಮ ಪಡಸಾಲೆಯ ಗೋಡೆ ಖಾಲಿ ಇಲ್ಲ. ಹಾರ ಹಾಕಲು ಬಂದವರು ಆ ತೆರೆದ ಬಾಯಿ ನೋಡಿ ಒಂದು ಗಳಿಗೆ ಹಿಂಜರಿಯುತ್ತಾರೆ. ಚಾಕ್‌ಪೀಸಿನ ಬಣ್ಣ ಗಾಜಿನ ಹಿಂದೆ ಸಣ್ಣಗೆ ಉದುರಿ ಫ್ರೇಮಿನ ಬುಡದಲ್ಲಿ ನಿಲ್ಲುತ್ತದೆ, ನೀಲಿಯೇ ಹೆಚ್ಚು. ಚಿತ್ರದ ಅಂಚಿನಲ್ಲಿ ಚಹಾದ ಬಸಿ ಚಾಚಿದ ಒಂದು ಕೈ ಇದೆ, ಹಸಿರು ಬಳೆಯದು. ಅದು ನಾನು. “ಇಷ್ಟ ವರ್ಷ ಬಾಳೇ ಮಾಡಿದ್ದಕ್ಕ ನನ್ನದೊಂದು ಕೈ ಬರದೀರಿ” ಎಂದು ಒಂದು ದಿನ ಗೊಣಗಿದೆ.

ಮೊನ್ನೆ ಮೊರದಲ್ಲಿ ಜೋಳ ಹಸನು ಮಾಡುತ್ತ ತಲೆ ಎತ್ತಿದರೆ, ನಮ್ಮವರು ಪೆನ್ಸಿಲು ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ ನನ್ನ ಮುಖವನ್ನು ಅಳೆಯುತ್ತಿದ್ದರು. “ಹಂಗ ಕುಂಡ್ರು ಸ್ವಲ್ಪ” ಎಂದರು. ಬೇರೆ ಯಾವ ಹೆಂಡತಿಯಾದರೂ ಹಿಗ್ಗುತ್ತಿದ್ದಳು. ನಾನು ಮೊರ ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಸೀದಾ ದವಾಖಾನೆಗೆ ಹೋಗಿ ಬಿ.ಪಿ. ತೋರಿಸಿಕೊಂಡು ಬಂದೆ. ಡಾಕ್ಟರು ಎಲ್ಲ ಬರೋಬರಿ ಐತಿ ಎಂದರು. ಯಾರನ್ನೂ ಹೊರಗೆ ಕರೆಯಲಿಲ್ಲ. ಕರೆಯಲು ನಾನು ಯಾರನ್ನೂ ಕರೆದುಕೊಂಡು ಹೋಗಿರಲಿಲ್ಲ. ಆದರೂ ಸಂಜೆ ಶಿರಹಟ್ಟಿಯಲ್ಲಿರುವ ನನ್ನ ತಮ್ಮನಿಗೆ ಫೋನು ಹಚ್ಚಿ, ಅದು ಇದು ಮಾತಾಡಿ, ಇಡುವ ಮುಂಚೆ ಹೇಳಿದೆ: “ನನಗ ಹಸರ ಸೀರಿ ಸೇರತೈತಿ. ನೆನಪಿರ್ಲಿ.”

“ಈಗ್ಯಾಕಕ್ಕಾ,” ಎಂದ ಅವನು, “ಪಂಚಮಿ ಸೀರಿಗೆ ಇನ್ನೂ ಭಾಳ ದಿನ ಐತಲ್ಲ.”